ಹಕ್ಕಿಗಿಂತ ಮೊದಲು ನೀರು ನೋಡಿ, ಮರ ನೋಡಿ: ಮೈಸೂರಿನ ಸುತ್ತ ಒಂದು ದಿನ

ಬೈನಾಕ್ಯುಲರ್ ಕೊರಳಿಗೆ ಬಿದ್ದ ಕೂಡಲೇ ಎಲ್ಲರ ಕಣ್ಣೂ ಹಕ್ಕಿಯನ್ನೇ ಹುಡುಕತೊಡಗುತ್ತದೆ. ಅರ್ಧ ಗಂಟೆಯಲ್ಲಿ ಕತ್ತು ನೋಯುತ್ತದೆ, ಕಂಡಿದ್ದು ಎರಡು ಮೈನಾ, ಒಂದು ಕಾಗೆ. ಹುಡುಕಬೇಕಾದದ್ದು ಹಕ್ಕಿಯ ಊಟವನ್ನು. ಕೆರೆಯಲ್ಲಾದರೆ ನೀರಿನ ಆಳ, ಕಾಡಿನಲ್ಲಾದರೆ ಯಾವ ಮರ ಹೂ ಬಿಟ್ಟಿದೆ, ಯಾವುದು ಹಣ್ಣಾಗಿದೆ ಎಂಬುದು ಮೊದಲು ಗೊತ್ತಾಗಬೇಕು. ಅಷ್ಟು ಗೊತ್ತಾದರೆ ಅಲ್ಲಿ ಯಾವ ಹಕ್ಕಿ ಇರುತ್ತದೆ ಎಂದು ಮುಕ್ಕಾಲು ಪಾಲು ಹೇಳಿಬಿಡಬಹುದು.

ಇದನ್ನು ಒಂದೇ ದಿನದಲ್ಲಿ ಕಲಿಯಲು ಮೈಸೂರಿನಷ್ಟು ಅನುಕೂಲದ ಊರು ಕಡಿಮೆ. ಕುರುಚಲು ಕಾಡಿಗೆ ಚಾಮುಂಡಿ ಬೆಟ್ಟದ ಪಾದ, ಹೊಳೆಗೆ ರಂಗನತಿಟ್ಟು, ಕೆರೆಗೆ ಕುಕ್ಕರಹಳ್ಳಿ, ಮೂರೂ ಹತ್ತಿರ ಹತ್ತಿರ. ಡಿಸೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ವಲಸೆ ಹಕ್ಕಿಗಳು ಇನ್ನೂ ಇರುತ್ತವೆ, ರಂಗನತಿಟ್ಟಿನಲ್ಲಿ ಗೂಡಿನ ಗದ್ದಲವೂ ಶುರುವಾಗುತ್ತದೆ. ಅನುಕ್ರಮ ಮಾತ್ರ ಬದಲಿಸಬೇಡಿ: ಬೆಳಿಗ್ಗೆ ಕಾಡು, ಆಮೇಲೆ ಹೊಳೆ, ಸಂಜೆ ಕೆರೆ. ಕಾಡಿನ ಸಣ್ಣ ಹಕ್ಕಿಗಳು ಬಿಸಿಲೇರುವ ಮುಂಚೆ ಓಡಾಡಿ, ಒಂಬತ್ತೂವರೆಯ ಹೊತ್ತಿಗೆ ಪೊದೆ ಸೇರಿಬಿಡುತ್ತವೆ. ನೀರಿನ ಹಕ್ಕಿ ಹಾಗಲ್ಲ, ದೊಡ್ಡದು, ಬಯಲಲ್ಲಿ ಕೂತಿರುತ್ತದೆ, ಹನ್ನೊಂದಕ್ಕೆ ಹೋದರೂ ಸಿಗುತ್ತದೆ.

ಹೊರಡುವ ಹಿಂದಿನ ದಿನವೇ ಬೈನಾಕ್ಯುಲರ್ ಸರಿಮಾಡಿಕೊಳ್ಳಿ. ಕೊಳ್ಳುವವರಿಗೆ ನನ್ನ ಸಲಹೆ 8x42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು. 10x ಹೆಚ್ಚು ದೊಡ್ಡದಾಗಿ ತೋರಿಸುತ್ತದೆ ನಿಜ, ಆದರೆ ಕೈನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ, ನೋಟದ ಅಗಲವೂ ಸಾಮಾನ್ಯವಾಗಿ ಕಡಿಮೆ. ಎಲೆ ನಡುವೆ ಕುಪ್ಪಳಿಸುವ ಹಕ್ಕಿಯನ್ನು ಕಿರಿದಾದ ನೋಟದಲ್ಲಿ ಹಿಡಿಯುವುದು ಕಷ್ಟ. ಇನ್ನು 42ನ್ನು 8ರಿಂದ ಭಾಗಿಸಿದರೆ ಬರುವ 5.25 ಮಿ.ಮೀ. ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಳತೆ. 8x21ರ ಪುಟ್ಟ ಬೈನಾಕ್ಯುಲರಿನಲ್ಲಿ ಅದು 2.6 ಮಾತ್ರ, ಮುಂಜಾನೆ ಮರದ ನೆರಳಿನಲ್ಲಿ ಎಲ್ಲವೂ ಕಪ್ಪು ಕಪ್ಪು.

ಹೊಂದಿಸುವ ಕ್ರಮ ಹೀಗೆ. ದೂರದ ಒಂದು ಫಲಕದ ಅಕ್ಷರ ಆರಿಸಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಿ. ಈಗ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಕಣ್ಣುಗೊಳವೆಯ ಉಂಗುರ ತಿರುಗಿಸಿ ಬಲಗಣ್ಣಿಗೆ ಸ್ಪಷ್ಟ ಮಾಡಿ. ಆ ಉಂಗುರ ಎಲ್ಲಿ ನಿಂತಿತೆಂದು ಗುರುತಿಟ್ಟುಕೊಳ್ಳಿ, ಇನ್ನು ಮೇಲೆ ಚಕ್ರ ಮಾತ್ರ ತಿರುಗಿಸಿದರೆ ಸಾಕು. ಕನ್ನಡಕ ಹಾಕುವವರು ರಬ್ಬರ್ ಬಟ್ಟಲುಗಳನ್ನು ಒಳಕ್ಕೆ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಸುತ್ತ ಕಪ್ಪು ಅಂಚು ಕಾಣುತ್ತದೆ. "ನನಗೆ ಬೈನಾಕ್ಯುಲರಿನಲ್ಲಿ ಏನೂ ಕಾಣುವುದಿಲ್ಲ" ಎನ್ನುವವರಲ್ಲಿ ಬಹುಪಾಲು ಜನರ ತೊಂದರೆ ಈ ಎರಡೇ. ಹಕ್ಕಿ ಕಂಡಾಗ ಕಣ್ಣು ಅದರ ಮೇಲಿಂದ ಕದಲಿಸದೆ ಬೈನಾಕ್ಯುಲರನ್ನೇ ಕಣ್ಣಿಗೆ ಏರಿಸಿ. ತಲೆ ತಗ್ಗಿಸಿದಿರೋ, ಹಕ್ಕಿ ಕಳೆದಂತೆ.

ಚಳಿಗಾಲದ ನಡುವೆ ಮೈಸೂರಿನಲ್ಲಿ ಸೂರ್ಯ ಹುಟ್ಟುವುದು 6:40ರ ಆಸುಪಾಸು. ಬೆಟ್ಟದ ಪಾದದಲ್ಲಿ ಅಷ್ಟು ಹೊತ್ತಿಗೆ ನಿಂತಿರಬೇಕು. ಮೆಟ್ಟಿಲು ಮತ್ತು ರಸ್ತೆ ಬಿಟ್ಟು ಪೊದೆಯೊಳಗೆ ನುಗ್ಗಬೇಡಿ. ಚಾಮುಂಡಿ ಬೆಟ್ಟದಲ್ಲಿ ಚಿರತೆಗಳಿವೆ, ಅರೆಗತ್ತಲಲ್ಲಿ ಒಬ್ಬರೇ ಅಲೆಯುವುದು ತರವಲ್ಲ. ಅಲ್ಲದೆ ನುಗ್ಗಿದರೆ ಹಕ್ಕಿಯೂ ಸಿಗುವುದಿಲ್ಲ. ಕಾಡಿನ ಅಂಚಿನಲ್ಲಿ, ಮೊದಲ ಬಿಸಿಲು ಬೀಳುವ ಕಡೆ ನಿಲ್ಲುವುದೇ ಜಾಣತನ. ಚಳಿಯಲ್ಲಿ ಹುಳುಗಳು ಅಲುಗಾಡುವುದು ಅಲ್ಲೇ ಮೊದಲು, ಹುಳು ತಿನ್ನುವ ಹಕ್ಕಿಗಳೂ ಅಲ್ಲಿಗೇ ಬರುತ್ತವೆ.

ಆಲ, ಅತ್ತಿ, ಗೋಣಿ, ಬಸರಿಯ ಜಾತಿಯ ಮರವೊಂದು ಹಣ್ಣಾಗಿದ್ದರೆ ಆ ಮರದಡಿ ನಲವತ್ತು ನಿಮಿಷ ಕೂತುಬಿಡಿ. ಕುಟ್ರುಹಕ್ಕಿ, ಕೋಗಿಲೆ, ಪಿಕಳಾರ, ಹೊನ್ನಕ್ಕಿ, ಕಬ್ಬಕ್ಕಿ ಸರದಿಯಲ್ಲಿ ಬರುತ್ತವೆ. ಹಣ್ಣಿನ ಮರ ಗುರುತಿಸಲು ಮೇಲೆ ನೋಡಬೇಕಿಲ್ಲ, ನೆಲದ ಮೇಲೆ ಚೂರು ಹಣ್ಣು, ಹಿಕ್ಕೆ ಬಿದ್ದಿದೆಯೇ ನೋಡಿದರಾಯಿತು. ಫೆಬ್ರವರಿಯಾದರೆ ಮುತ್ತುಗ, ಬೂರುಗ, ಹಾಲುವಾಣಗಳ ಹೂವು. ಮಕರಂದಕ್ಕೆ ಸೂರಕ್ಕಿಯೊಂದೇ ಬರುತ್ತದೆ ಎಂದುಕೊಂಡಿರುವವರಿಗೆ ಅಲ್ಲಿ ಕಾಜಾಣ, ಮೈನಾ, ಗಿಳಿ, ಕಾಗೆಗಳು ಮುಖಕ್ಕೆ ಪರಾಗ ಮೆತ್ತಿಕೊಂಡು ಕೂತಿರುವುದು ಕಾಣುತ್ತದೆ. ಇನ್ನೊಂದು ಗುರುತು ಬದನಿಕೆ. ಮಾವು, ಹೊಂಗೆಯ ಕೊಂಬೆಗೆ ಅಂಟಿದ ಈ ಪರಾವಲಂಬಿ ಗಿಡವಿದ್ದರೆ ಹೆಬ್ಬೆರಳಿನಷ್ಟು ಪುಟ್ಟ ಬದನಿಕೆ ಹಕ್ಕಿ ಸುತ್ತಮುತ್ತ ಇದ್ದೇ ಇರುತ್ತದೆ. ಅದು ಹಣ್ಣು ನುಂಗುತ್ತದೆ, ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ತಿಕ್ಕಿ ಬಿಡುತ್ತದೆ, ಅಲ್ಲೊಂದು ಹೊಸ ಬದನಿಕೆ.

ಅರ್ಧ ಗಂಟೆ ಏನೂ ಇಲ್ಲ, ಇದ್ದಕ್ಕಿದ್ದಂತೆ ಒಂದೇ ಮರದಲ್ಲಿ ಏಳೆಂಟು ಬಗೆ! ಇದು ಬೇಟೆಗುಂಪು. ಕಾಜಾಣ, ಚಿತ್ರಪಕ್ಷಿ, ಮಧುರಕಂಠ, ಉಲಿಯಕ್ಕಿ, ನೊಣಹಿಡುಕಗಳು ಒಟ್ಟಾಗಿ ಮರದಿಂದ ಮರಕ್ಕೆ ಸಾಗುತ್ತವೆ. ಒಂದು ಎಬ್ಬಿಸಿದ ಹುಳು ಇನ್ನೊಂದಕ್ಕೆ ಸಿಗುತ್ತದೆ, ಅಪಾಯ ಕಂಡ ಒಂದರ ಕೂಗು ಎಲ್ಲಕ್ಕೂ ಕಾವಲು. ಇಂಥ ಗುಂಪಿನ ಹಿಂದೆ ಓಡಬಾರದು. ಅದು ಹೋಗುತ್ತಿರುವ ದಿಕ್ಕು ನೋಡಿ, ಇಪ್ಪತ್ತು ಮೂವತ್ತು ಮೀಟರ್ ಮುಂದೆ ಬಳಸಿ ಹೋಗಿ ಸುಮ್ಮನೆ ನಿಂತರೆ ಅವೇ ನಿಮ್ಮ ತಲೆಯ ಮೇಲೆ ಬರುತ್ತವೆ.

ಪೊದೆಯೊಳಗಿಂದ ನಾಲಿಗೆ ಲೊಟಕಿಸಿದಂತೆ "ಚಕ್... ಚಕ್..." ಕೇಳಿದರೆ ಅದು ಚಳಿಗಾಲದ ಅತಿಥಿ ಬ್ಲೈತ್ ಜೊಂಡು ಉಲಿಯಕ್ಕಿ ಇರಬಹುದು. ಹೊರಗೆ ಬರುವುದು ಅಪರೂಪ, ಸದ್ದು ಕಲಿತರೆ ನೋಡದೆಯೂ ಪತ್ತೆ. ಸದ್ದು ಗುರುತಿಸುವ ಮೊಬೈಲ್ ಆ್ಯಪ್‌ಗಳು ಸಹಾಯಕ್ಕೆ ಒಳ್ಳೆಯವು, ಸಾಕ್ಷಿಗೆ ಅಲ್ಲ. ಕಾಜಾಣ ಮತ್ತು ಎಲೆಹಕ್ಕಿ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುತ್ತವೆ. ಆ್ಯಪ್ "ಶಿಕ್ರ" (ಒಂದು ಪುಟ್ಟ ಬೇಟೆಹಕ್ಕಿ) ಎಂದಿತೆಂದು ಪಟ್ಟಿಗೆ ಬರೆಯುವ ಮೊದಲು ಮರದ ತುದಿ ನೋಡಿ, ಅಲ್ಲಿ ಕೂತಿರುವುದು ಕಾಜಾಣವಾಗಿರಬಹುದು.

ಒಂಬತ್ತಕ್ಕೆ ಬೆಟ್ಟ ಬಿಟ್ಟರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟು. 1645–1648ರ ನಡುವೆ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು. ಇಲ್ಲಿ ಹಕ್ಕಿಗಳು ಗೂಡು ಕಟ್ಟಲು ಕಾರಣ ಸುತ್ತಲಿನ ನೀರು. ಹೊಳೆ ದಾಟಿ ಗೂಡಿಗೆ ಹೋಗುವ ಕಳ್ಳಪ್ರಾಣಿಗಳು ಕಡಿಮೆ, ಬಂಡೆಗಳ ಮೇಲೆ ಬಾಯ್ತೆರೆದು ಮಲಗಿರುವ ಮೊಸಳೆಗಳೂ ಒಂದು ಬಗೆಯ ಕಾವಲು. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ನಡುಗಡ್ಡೆಗಳು ಮುಳುಗಿ ದೋಣಿ ನಿಲ್ಲುತ್ತದೆ. ಆಗ ಹೋಗುವವರು ವಿಚಾರಿಸಿಕೊಂಡೇ ಹೋಗಬೇಕು.

ದೋಣಿಯಲ್ಲಿ ಸೂರ್ಯ ಬೆನ್ನಿಗೆ ಬರುವ ಕಡೆ ಕೂರಿ. ಎದುರು ಬಿಸಿಲಿನಲ್ಲಿ ಬಣ್ಣದ ಕೊಕ್ಕರೆಯೂ ಕಪ್ಪು ಕೊಕ್ಕರೆಯೇ. ಬಣ್ಣದ ಕೊಕ್ಕರೆಯ ಬಾಲದ ಬಳಿಯ ಗುಲಾಬಿ ಗರಿ ದೊಡ್ಡ ಹಕ್ಕಿಗೆ ಮಾತ್ರ, ಮರಿಗಳು ಮಾಸಲು ಕಂದು. ಬಾಯ್ಕಳಕ ಕೊಕ್ಕರೆಯ ವಿಷಯದಲ್ಲೂ ಹಾಗೆಯೇ, ಕೊಕ್ಕಿನ ನಡುವಿನ ಸಂದು ಬೆಳೆದ ಮೇಲೆ ಬರುವುದು. ಸಂದಿಲ್ಲದ ಮರಿಯನ್ನು ನೋಡಿ ಬೇರೆ ಜಾತಿ ಎಂದುಕೊಳ್ಳುವವರು ಬಹಳ. ಬಂಡೆಗಳನ್ನು ಒಂದೊಂದಾಗಿ, ಎಡದಿಂದ ಬಲಕ್ಕೆ, ನಿಧಾನವಾಗಿ ನೋಡಿ. ಬಂಡೆ ಗೊರವ ಬಂಡೆಯದೇ ಬಣ್ಣ, ಹಳದಿ ಕಣ್ಣು ಮಾತ್ರ ಹೊಳೆಯುತ್ತದೆ, ಮಿಸುಕುವುದಿಲ್ಲ. ನದಿ ರೀವ (ರಿವರ್ ಟರ್ನ್) ಗೂಡಿಡುವುದೂ ಬರಿಯ ಬಂಡೆ, ಮರಳಿನ ಮೇಲೆಯೇ. ಇನ್ನೂ ಹತ್ತಿರ ಹೋಗೋಣ ಎಂದು ಅಂಬಿಗರನ್ನು ದಯವಿಟ್ಟು ಒತ್ತಾಯಿಸಬೇಡಿ. ತಾಯಿ ಎದ್ದರೆ ಬಿಸಿಲಿಗೆ ಮೊಟ್ಟೆ ಕೆಡಲು ಹೆಚ್ಚು ಹೊತ್ತು ಬೇಕಿಲ್ಲ, ಕಾಗೆಗೆ ಅದಕ್ಕಿಂತಲೂ ಕಡಿಮೆ ಹೊತ್ತು ಸಾಕು. ಒಂದು ಫೋಟೋಗೆ ಅದು ತೀರಾ ದೊಡ್ಡ ಬೆಲೆ. ಕೂಗಿನ ಧ್ವನಿಮುದ್ರಣ ಹಾಕಿ ಹಕ್ಕಿ ಕರೆಯುವುದಂತೂ ಗೂಡಿನ ಕಾಲದಲ್ಲಿ ಕೂಡದೇ ಕೂಡದು.

ಮಧ್ಯಾಹ್ನ ಊಟ, ವಿಶ್ರಾಂತಿ.

ನಾಲ್ಕೂವರೆಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಸುತ್ತಲೂ ಸುಮಾರು 5 ಕಿ.ಮೀ. ದಾರಿ. ಮೊದಲು ಹೇಳಿದ ನೀರಿನ ಆಳದ ಲೆಕ್ಕ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ನಡುಗೆರೆಯ ಆಳದಲ್ಲಿ ಮುಳುಗಿ ಹಿಡಿಯುವವು: ನೀರುಕಾಗೆ, ಹಾವಕ್ಕಿ, ಗುಳುಮುಳುಕ. ಹೆಜ್ಜಾರ್ಲೆ ಮುಳುಗುವುದಿಲ್ಲ, ತೇಲುತ್ತಲೇ ಚೀಲದಲ್ಲಿ ಮೊಗೆಯುತ್ತದೆ. ಬಣ್ಣದ ಕೊಕ್ಕರೆಗೆ ಮಾತ್ರ ಕಾಲು ನಿಲ್ಲುವ ತೆಳುನೀರೇ ಬೇಕು. ಅದು ಮೀನನ್ನು ನೋಡಿ ಹಿಡಿಯುವುದಿಲ್ಲ. ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿ, ಕಾಲಿನಿಂದ ಕೆಸರು ಕಲಕಿ, ಮೀನು ತಾಕಿದೊಡನೆ ಕಚ್ಚುತ್ತದೆ. ಚಮಚ ಕೊಕ್ಕಿನ ಹಕ್ಕಿ ಅದೇ ತೆಳುನೀರಿನಲ್ಲಿ ಕೊಕ್ಕನ್ನು ಕುಡುಗೋಲಿನಂತೆ ಆಚೀಚೆ ಬೀಸುತ್ತದೆ. ಬಾಯ್ಕಳಕಕ್ಕೆ ಬಸವನಹುಳುವಿರುವ ಕೆಸರು. ಆದ್ದರಿಂದ ಒಳ್ಳೆಯ ಮಳೆಯಾಗಿ ಕೆರೆ ತುಂಬಿ ತುಳುಕುವ ವರ್ಷ ಕೊಕ್ಕರೆ ಕಾಣಲಿಲ್ಲವೆಂದು ಗಾಬರಿಯಾಗಬೇಡಿ. ಅವು ತೆಳುನೀರಿನ ಇನ್ನೊಂದು ಕೆರೆಗೆ ಹೋಗಿರುತ್ತವೆ. ಕೆರೆ ಅಭಿವೃದ್ಧಿಯೆಂದು ದಡವನ್ನು ನೇರ ಕಡಿದು ಕಲ್ಲು ಕಟ್ಟುವ ಕಡೆಗಳಲ್ಲಿ ನೀರಿದ್ದರೂ ಉದ್ದ ಕಾಲಿನ ಹಕ್ಕಿಗಳಿಗೆ ನೆಲೆ ಇಲ್ಲದಾಗುವುದೂ ಇದೇ ಕಾರಣಕ್ಕೆ. ಇಳಿಜಾರು ದಡ, ಜೊಂಡು, ಒಂದಿಷ್ಟು ಕೆಸರು, ಇವನ್ನು ಕೊಳಕು ಎನ್ನುವುದು ಮೊದಲು ನಿಲ್ಲಬೇಕು.

ಇಲ್ಲಿ ಹೊಸಬರು ಎಡವುವುದು ಎರಡು ಕಡೆ. ಬಿಳಿ ಹಕ್ಕಿಗಳಲ್ಲಿ ಕಪ್ಪು ಕೊಕ್ಕು, ಹಳದಿ ಪಾದವಿದ್ದರೆ ಚಿಕ್ಕ ಬೆಳ್ಳಕ್ಕಿ. ಹಳದಿ ಕೊಕ್ಕಿನದಾದರೆ ಬಾಯ ಗೆರೆ ನೋಡಿ. ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ದೊಡ್ಡ ಬೆಳ್ಳಕ್ಕಿ, ಕಣ್ಣಿನ ಕೆಳಗೇ ನಿಂತಿದ್ದರೆ ಮಧ್ಯಮ. ಮೋಟು ಕುತ್ತಿಗೆಯ, ದನದ ಹಿಂದೆ ಓಡಾಡುವುದು ಗೋವಕ್ಕಿ. ಇನ್ನು ನೀರುಕಾಗೆಗಳಲ್ಲಿ ಮೋಟು ಕೊಕ್ಕಿನ ಪುಟ್ಟದು ಚಿಕ್ಕ ನೀರುಕಾಗೆ. ತೆಳ್ಳನೆಯ ಉದ್ದ ಕೊಕ್ಕು, ನೀಲಿ–ಹಸಿರು ಕಣ್ಣು ಇದ್ದರೆ ಭಾರತೀಯ ನೀರುಕಾಗೆ. ಕತ್ತು ಮಾತ್ರ ಹಾವಿನಂತೆ ನೀರ ಮೇಲೆ ಬಂದರೆ ಹಾವಕ್ಕಿ. ಇವು ರೆಕ್ಕೆ ಹರಡಿ ಒಣಗಿಸುವುದಕ್ಕೆ ಕಾರಣ, ಗರಿ ಬಾತುವಿನ ಗರಿಯಂತೆ ನೀರು ತಡೆಯದೆ ನೆನೆಯುತ್ತದೆ. ನೆನೆದ ಮೈ ಸುಲಭವಾಗಿ ಮುಳುಗುತ್ತದೆ, ಬೇಟೆಗೆ ಅದೇ ಅನುಕೂಲ.

ಬಿಡುವಿರುವವರು ಇನ್ನೊಂದು ದಿನ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡಲು ಹೋಗಬಹುದು. ಅಧ್ಯಯನಕ್ಕೆಂದು ಹಾಕಿದ ಕೊರಳಪಟ್ಟಿ ಇದ್ದ ಹಕ್ಕಿ ಕಂಡರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಅಂಕಿ ತಪ್ಪದೆ ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದ ಹೆಬ್ಬಾತುಗಳು ನಮ್ಮ ಕೆರೆಗಳಲ್ಲಿ ಸಿಕ್ಕಿವೆ.

ಐದೂವರೆಯಿಂದ ಎಣಿಕೆ. ಬೆಳ್ಳಕ್ಕಿ, ನೀರುಕಾಗೆಗಳು ರಾತ್ರಿ ತಂಗಲು ಗುಂಪು ಗುಂಪಾಗಿ ಬರುತ್ತವೆ. ಒಂದೊಂದನ್ನೇ ಎಣಿಸಹೋದರೆ ಗುಂಪು ದಾಟಿಹೋಗುತ್ತದೆ. ಹತ್ತು ಹಕ್ಕಿ ಎಣಿಸಿ, ಆ ಹತ್ತು ಆಕಾಶದಲ್ಲಿ ಎಷ್ಟು ಜಾಗ ಹಿಡಿಯಿತೆಂದು ನೋಡಿ, ಅದೇ ಅಳತೆಯಲ್ಲಿ ಉಳಿದದ್ದನ್ನು ಅಳೆಯಿರಿ. ಒಬ್ಬರು ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಹಕ್ಕಿ ಪಟ್ಟಿಗಳನ್ನು ಸೇರಿಸುವ ಜಾಲತಾಣ ಇಬರ್ಡ್‌ಗೆ ಹಾಕುವವರು ಮೂರು ಜಾಗಕ್ಕೂ ಬೇರೆ ಬೇರೆ ಪಟ್ಟಿ ಮಾಡಿ, ಶುರುವಾದ ಹೊತ್ತು, ಅವಧಿ, ನಡೆದ ದೂರ ಸೇರಿಸಿ. ಇಡೀ ದಿನಕ್ಕೆ ಒಂದೇ ಪಟ್ಟಿಯಾದರೆ ಯಾವ ಹಕ್ಕಿ ಕಾಡಿನದು, ಯಾವುದು ಕೆರೆಯದು ಎಂದು ಮುಂದೆ ಯಾರಿಗೂ ತಿಳಿಯದು. ಕಾಗೆ, ಪಾರಿವಾಳ ಬಿಡಬೇಡಿ. ಗುರುತಿಸಿದ ಎಲ್ಲವನ್ನೂ ಬರೆದಿದ್ದರೆ ಮಾತ್ರ ಅದು ಪೂರ್ಣ ಪಟ್ಟಿ.

ಬೆಳಕು ಹೋಯಿತೆಂದು ಪುಸ್ತಕ ಮುಚ್ಚುವ ಮುನ್ನ ಹತ್ತು ನಿಮಿಷ ಕಾಯಿರಿ. ಎಲ್ಲವೂ ಮರ ಸೇರಿದ ಮೇಲೆ ಅದೇ ಮರಗಳಿಂದ "ಕ್ವಾಕ್" ಎನ್ನುತ್ತ ಇರುಳ ಬಕಗಳು ಹೊರಡುತ್ತವೆ. ಕತ್ತಲಲ್ಲಿ ಆಕಾರ ಕಾಣದಿದ್ದರೂ ಕೂಗು ಎಣಿಸಿ ಬರೆದುಕೊಳ್ಳಬಹುದು.