ಪ್ಲೈವುಡ್ಡಿಗೊಂದು, ತೇಗಕ್ಕೊಂದು ಬಿಟ್

ಕಳೆದ ಮಳೆಗಾಲದಲ್ಲಿ ನಮ್ಮ ಮರಗೆಲಸದ ಶೆಡ್ಡಿಗೆ ಒಂದೇ ಮನೆಯ ಎರಡು ಕೆಲಸಗಳು ಬಂದಿದ್ದವು: ಎರಡೂ ಮುಖಕ್ಕೆ ಲ್ಯಾಮಿನೇಟ್ ಅಂಟಿಸಿದ 18 ಮಿ.ಮೀ. ಪ್ಲೈವುಡ್ಡಿನ ವಾರ್ಡ್‌ರೋಬ್ ಬಾಗಿಲುಗಳು ಮತ್ತು ದೇವರಮನೆಯ ತೇಗದ ಬಾಗಿಲಿನ ಕೆತ್ತನೆ. ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ಯಂತ್ರ ಒಂದೇ ಆದರೂ ಅದರಲ್ಲಿ ತಿರುಗುತ್ತ ಕತ್ತರಿಸುವ ಮೊನೆಗಳು, ಅಂದರೆ ಬಿಟ್‌ಗಳು, ಬೇರೆಯೇ ಆಗಬೇಕಿದ್ದುದರಿಂದ, ಆ ದಿನದ ಬೆಳಗಿನ ಹೊತ್ತೆಲ್ಲ ಅವುಗಳ ಆಯ್ಕೆಯಲ್ಲೇ ಕಳೆಯಿತು.

ಬಿಟ್ ಕೊಳ್ಳುವವರು ಸಾಮಾನ್ಯವಾಗಿ ವ್ಯಾಸವನ್ನು ಮೊದಲು ಕೇಳುತ್ತಾರೆ. ಅದರ ಸುರುಳಿ ಹೊಟ್ಟನ್ನು ಯಾವ ಕಡೆಗೆ ತಳ್ಳುತ್ತದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಅಪ್‌ಕಟ್ ಬಿಟ್ ಹೊಟ್ಟನ್ನು ಮೇಲಕ್ಕೆತ್ತಿ ಹಾಕುವುದರಿಂದ ಕೊರೆದ ಸಂದು ಚೊಕ್ಕಟವಾಗಿರುತ್ತದೆಯಾದರೂ ಮೇಲಿನ ಲ್ಯಾಮಿನೇಟ್ ಚಕ್ಕೆ ಏಳುತ್ತದೆ. ಡೌನ್‌ಕಟ್ ಮೇಲಂಚನ್ನು ಕಾಪಾಡುತ್ತದೆ, ಆದರೆ ಕೆಳಗಿನ ಅಂಚು ಕೆಡುತ್ತದೆ, ಹೊಟ್ಟು ಒಳಗೇ ಉಳಿದು ಬಿಸಿಯೇರುತ್ತದೆ. ಎರಡೂ ಮುಖ ಕಾಣುವ ಬಾಗಿಲಿಗೆ ಕಂಪ್ರೆಷನ್ ಬಿಟ್ಟೇ ಸರಿ: ಅದರ ತುದಿಯ ಭಾಗ ಮೇಲಕ್ಕೂ ಮೇಲ್ಭಾಗ ಕೆಳಕ್ಕೂ ಒತ್ತುತ್ತದೆ. ಆದರೆ ಮೊದಲ ಸಲ ಕೊರೆಯುವಾಗಲೇ ತುದಿಯ ಅಪ್‌ಕಟ್ ಭಾಗ ಪೂರ್ತಿಯಾಗಿ ಹಲಗೆಯೊಳಗೆ ಇಳಿಯದಿದ್ದರೆ ಆ ಬಿಟ್ ಕೊಂಡೂ ಪ್ರಯೋಜನವಿಲ್ಲ. ನಮ್ಮ 6 ಮಿ.ಮೀ. ಬಿಟ್ಟಿನಲ್ಲಿ ಆ ಭಾಗ 5 ಮಿ.ಮೀ. ಇದ್ದುದರಿಂದ ಮೊದಲ ಕೊರೆತಕ್ಕೆ 7 ಮಿ.ಮೀ. ಆಳ ಕೊಟ್ಟೆವು.

ನಿಮಿಷಕ್ಕೆ 18,000 ಸುತ್ತು, ಎರಡು ಫ್ಲೂಟ್ (ಕತ್ತರಿಸುವ ಅಂಚು), ಪ್ರತಿ ಸುತ್ತಿನಲ್ಲಿ ಪ್ರತಿ ಫ್ಲೂಟಿಗೆ 0.1 ಮಿ.ಮೀ. ಕತ್ತರಿಕೆ ಎಂದರೆ ಫೀಡ್, ಅಂದರೆ ಬಿಟ್ ಮುಂದೆ ಸಾಗುವ ವೇಗ, ನಿಮಿಷಕ್ಕೆ 3,600 ಮಿ.ಮೀ. ಆಗುತ್ತದೆ. "ಇಷ್ಟು ಜೋರಾಗಿ ಓಡಿಸಿದರೆ ಮುರಿಯೋದಿಲ್ವಾ ಸಾರ್?" ಎಂದು ಮೇಸ್ತ್ರಿ ಕೇಳಿದರು. ನಿಧಾನವಾದರೆ ಬಿಟ್ ಕತ್ತರಿಸುವ ಬದಲು ಉಜ್ಜುತ್ತದೆ, ಕಾದು ಮೊಂಡಾಗುತ್ತದೆ ಎಂದು ವಿವರಿಸಿ, ತುಂಡು ಹಲಗೆಯ ಮೇಲೆ ಓಡಿಸಿ ತೋರಿಸಿದೆ. ಹಿಟ್ಟಿನಂಥ ಧೂಳಿನ ಬದಲು ಸಣ್ಣ ಸಣ್ಣ ಚೂರುಗಳು ಬಿದ್ದವು. ಅಂಚಿನುದ್ದಕ್ಕೂ ಉಗುರು ಎಳೆದು ನೋಡಿದ ಮೇಸ್ತ್ರಿಯವರಿಗೆ ಎಲ್ಲಿಯೂ ತಡೆ ಸಿಗಲಿಲ್ಲ.

ತೇಗದಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಉಕ್ಕಿನ ಬಿಟ್ ಬೇಗ ಮೊಂಡಾಗುತ್ತದೆ, ಅದಕ್ಕೆ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ಬಿಟ್ ಬೇಕೇ ಬೇಕು. ಒರಟು ಕೆಲಸವನ್ನು ಚಪ್ಪಟೆ ತುದಿಯ ಬಿಟ್ಟಿನಿಂದ ಮುಗಿಸಿ, ನಯಗೆಲಸಕ್ಕೆ ತುದಿಯಲ್ಲಿ 1 ಮಿ.ಮೀ. ತ್ರಿಜ್ಯವಿರುವ ಟೇಪರ್ ಬಾಲ್‌ನೋಸ್ (ಕೆಳಗೆ ಸಪೂರವಾಗುತ್ತ ಹೋಗಿ ದುಂಡಗೆ ಮುಗಿಯುವ ಬಿಟ್) ಹಾಕಿದೆವು. ಕಮಲದ ಎಸಳುಗಳ ನಡುವಿನ ಅತಿ ಕಿರಿದಾದ ತಗ್ಗು ಎಷ್ಟಿದೆಯೋ ಅದಕ್ಕಿಂತ ದಪ್ಪನೆಯ ತುದಿ ಅಲ್ಲಿಗೆ ಇಳಿಯಲಾರದು. ಹಾಗಾಗಿ ಈ ಬಿಟ್ಟನ್ನು ನಿರ್ಧರಿಸಿದ್ದು ಆ ತಗ್ಗೇ. ಬಿಟ್ ಓಡುವ ಗೆರೆಗೆರೆಯ ನಡುವೆ 0.2 ಮಿ.ಮೀ. ಅಂತರ ಇಟ್ಟೆವು. ಅದನ್ನು 0.1 ಮಾಡಿದ್ದರೆ ಸಮಯ ಇಮ್ಮಡಿಯಾಗುತ್ತಿತ್ತು, ಮರಳು ಕಾಗದ ತಾಗಿಸಿದ ಮೇಲೆ ಕಣ್ಣಿಗೆ ವ್ಯತ್ಯಾಸವೂ ಕಾಣುತ್ತಿರಲಿಲ್ಲ.