ಮೇಷ್ಟ್ರು ಎಣಿಸಿ ಅಂದ ಚೆಂಡು

ಒಂಬತ್ತನೇ ಕ್ಲಾಸು. ಮಳೆ ಹಿಡಿದು ಮೈದಾನವೆಲ್ಲ ಕೆಸರಾಗಿತ್ತು, ಆಟದ ಪೀರಿಯಡ್ ಇಲ್ಲ. ನಮ್ಮ ಗಣಿತದ ಮೇಷ್ಟ್ರು ಆಟದ ಸಾಮಾನಿನ ಕೋಣೆಯಿಂದ ಹಳೇ ಫುಟ್‌ಬಾಲ್ ತಂದು ಮೇಜಿನ ಮೇಲಿಟ್ಟರು. "ಇದರಲ್ಲಿ ಕಪ್ಪು ತುಂಡು ಎಷ್ಟು, ಬಿಳಿ ತುಂಡು ಎಷ್ಟು? ಯಾರು ಎಣಿಸ್ತೀರಿ?"

ನಾನು ಎದ್ದು ಹೋದೆ. ಚೆಂಡು ತಿರುಗಿಸಿದ ಹಾಗೆಲ್ಲ ಲೆಕ್ಕ ತಪ್ಪುತ್ತಿತ್ತು. ಮೇಷ್ಟ್ರು ಕೈಗೆ ಸೀಮೆಸುಣ್ಣ ಕೊಟ್ಟು, "ಎಣಿಸಿದ್ದಕ್ಕೆ ಗುರುತು ಹಾಕ್ತಾ ಹೋಗಮ್ಮ" ಅಂದರು. ಕಪ್ಪು ಪಂಚಭುಜ 12, ಬಿಳಿ ಷಡ್ಭುಜ 20.

ಬರೀ ಷಡ್ಭುಜ ಜೋಡಿಸಿದರೆ ಜೇನುಹಟ್ಟಿನ ಹಾಗೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ, ಎಲ್ಲೂ ಮುಚ್ಚಿಕೊಳ್ಳುವುದಿಲ್ಲ ಎಂದು ಅವರು ಬೋರ್ಡಿನ ಮೇಲೆ ಬರೆದು ತೋರಿಸಿದರು. ಬಾಗಬೇಕಾದರೆ ಪಂಚಭುಜ ಬೇಕು. ಪ್ರತಿ ಮೂಲೆಯಲ್ಲೂ ಮೂರು ತುಂಡು ಸೇರುವ ಹಾಗಿದ್ದರೆ, ಚೆಂಡು ಎಷ್ಟೇ ದೊಡ್ಡದಿರಲಿ, ಉದ್ದುದ್ದ ಇರಲಿ, ಪಂಚಭುಜ ಮಾತ್ರ ಹನ್ನೆರಡೇ. ಮೂಲೆ, ಅಂಚು, ಮುಖಗಳ ಲೆಕ್ಕ ಹೇಳುವ ಆಯ್ಲರನ ಸೂತ್ರದಿಂದ ಅದನ್ನು ಸಾಧಿಸಿಯೂ ತೋರಿಸಿದರು. ಸಾಧನೆ ಆ ದಿನ ನನಗೆ ಪೂರ್ತಿ ಅರ್ಥವಾಗಲಿಲ್ಲ. ಹನ್ನೆರಡು ಅನ್ನುವುದು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು.

ಹದಿನಾರು ವರ್ಷ ಆದ ಮೇಲೆ ಆ ಲೆಕ್ಕ ನನಗೆ ಮತ್ತೆ ಸಿಕ್ಕಿದ್ದು ಹಂದಿಯ ಮೆದುಳಿನಲ್ಲಿ.

ನನ್ನ ಕೆಲಸ ಏನೆಂದು ಊರಿನವರು ಕೇಳುತ್ತಾರೆ. ಜೀವಕೋಶದೊಳಗೆ ಪ್ರೋಟೀನುಗಳು ಸುಮ್ನೆ ತೇಲಾಡಿಕೊಂಡು ಇರುವುದಿಲ್ಲ. ಒಂದು ಕಡೆ ತಯಾರಾಗಿ ಇನ್ನೊಂದು ಕಡೆಗೆ ಹೋಗಬೇಕು. ಹೊರಗಿನದು ಒಳಗೆ ಬರಬೇಕು. ಅದಕ್ಕೆ ಕೋಶದ ಪೊರೆ ಒಂದು ಕಡೆ ತಗ್ಗಾಗಿ, ಸಾಮಾನು ತುಂಬಿಕೊಂಡು, ಪುಟ್ಟ ಚೀಲವಾಗಿ ಒಳಗೆ ಕಳಚಿಕೊಳ್ಳುತ್ತದೆ. ಇಂಥ ಸಾಗಣೆಗೆ ದುಡಿಯುವ ಪ್ರೋಟೀನುಗಳ ಆಕಾರವನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸುವುದು ನನ್ನ ಕೆಲಸ.

ಈ ಕಥೆ ಶುರುವಾಗುವುದು ಸೊಳ್ಳೆಯಿಂದ. 1964ರಲ್ಲಿ ಥಾಮಸ್ ರಾತ್ ಮತ್ತು ಕೀತ್ ಪೋರ್ಟರ್ ಸೊಳ್ಳೆಯ ಮೊಟ್ಟೆ ಬೆಳೆಯುವಾಗ ಅದು ಮರಿಯ ಆಹಾರಕ್ಕೆಂದು ಕೂಡಿಡುವ ಭಂಡಾರದ ಪ್ರೋಟೀನನ್ನು ಹೇಗೆ ಒಳಗೆಳೆದುಕೊಳ್ಳುತ್ತದೆ ಎಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಪೊರೆ ತಗ್ಗಾದ ಕಡೆಗಳಲ್ಲಿ, ಕೋಶದ ಒಳಗಿನ ಮಗ್ಗುಲಿಗೆ ಬಿರುಗೂದಲಿನಂಥ ಲೇಪ ಇತ್ತು. 1969ರಲ್ಲಿ ಜಪಾನಿನ ಕನಸೇಕಿ ಮತ್ತು ಕಡೋಟ ಅದು ಲೇಪವಲ್ಲ, ಹೆಣೆದ ಬುಟ್ಟಿ ಎಂದು ಗುರುತಿಸಿದರು. ಆ ಬುಟ್ಟಿಗಳನ್ನು 1975ರಲ್ಲಿ ಹಂದಿಯ ಮೆದುಳಿನಿಂದ ಶುದ್ಧವಾಗಿ ಬೇರ್ಪಡಿಸಿದವರು ಕೇಂಬ್ರಿಡ್ಜಿನ ಬಾರ್ಬರಾ ಪಿಯರ್ಸ್. ಮರುವರ್ಷ ಅದರ ಪ್ರೋಟೀನಿಗೆ ಕ್ಲಾಥ್ರಿನ್ ಎಂದು ಹೆಸರಿಟ್ಟರು. ಜಾಲರಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ಮೆದುಳೇ ಯಾಕೆ? ನರಕೋಶಗಳ ತುದಿಯಲ್ಲಿ ಈ ಚೀಲಗಳ ಓಡಾಟ ಜಾಸ್ತಿ, ಅದಕ್ಕೆ.

ಪಿಎಚ್‌ಡಿ ಮುಗಿಸಿ ಹೊರದೇಶದ ಲ್ಯಾಬಿಗೆ ಸೇರಿದಾಗ ನಾನು ಕಲಿತ ಮೊದಲ ಕೆಲಸ ಇದೇ. ಬೆಳಗಿನ ಜಾವ ಕಸಾಯಿಖಾನೆಯಿಂದ ಐಸ್ ಪೆಟ್ಟಿಗೆಯಲ್ಲಿ ಮೆದುಳು ತರಬೇಕು. 4 ಡಿಗ್ರಿಯ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಅರೆಯಬೇಕು, ಸೆಂಟ್ರಿಫ್ಯೂಜಿನಲ್ಲಿ ಮತ್ತೆ ಮತ್ತೆ ತಿರುಗಿಸಬೇಕು. ಕೊನೆಗೆ ಉಳಿಯುವುದು ಟ್ಯೂಬಿನ ತಳದಲ್ಲಿ ಒಂದು ಚೂರು ಗಸಿ. ಅದಕ್ಕೆ ಟ್ರಿಸ್ ದ್ರಾವಣ ಹಾಕಿದರೆ ಬುಟ್ಟಿಗಳು ಬಿಚ್ಚಿ ಬಿಡಿ ಬಿಡಿ ಕ್ಲಾಥ್ರಿನ್ ಆಗುತ್ತವೆ. ಒಂದೊಂದಕ್ಕೂ ಮೂರು ಕಾಲು. ಫ್ಯಾನಿನ ಮೂರೂ ರೆಕ್ಕೆ ನಡುವೆ ಬಾಗಿದ್ದರೆ ಹೇಗೋ ಹಾಗೆ. ಆಮೇಲೆ ಅದನ್ನು ಡಯಾಲಿಸಿಸ್ ಚೀಲಕ್ಕೆ ತುಂಬಿ, ಕೊಂಚ ಆಮ್ಲೀಯ ದ್ರಾವಣದಲ್ಲಿ ರಾತ್ರಿಯಿಡೀ ಬಿಡುತ್ತೇವೆ.

ಬೆಳಿಗ್ಗೆ ಬಂದು ನೋಡಿದೆ. ತಿಳಿಯಾಗಿದ್ದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು. ಒಂದು ಹನಿ ತೆಗೆದು, ಯುರೇನಿಯಂ ಲವಣದ ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕತ್ತಲ ಕೋಣೆ, ಹಸಿರು ಪರದೆ. ಪರದೆ ತುಂಬ ಪುಟ್ಟ ಪುಟ್ಟ ಫುಟ್‌ಬಾಲ್! ಯಾರೂ ಹೆಣೆದದ್ದಲ್ಲ, ರಾತ್ರಿ ತಾವಾಗಿಯೇ ಹೆಣೆದುಕೊಂಡವು. ಒಂದರಲ್ಲಿ ಪಂಚಭುಜ ಕಂಡಿತು, ಪಕ್ಕದಲ್ಲೇ ಷಡ್ಭುಜ. ಸೀಮೆಸುಣ್ಣದ ಗುರುತು ನೆನಪಾಗಿ ನನ್ನ ಕಣ್ಣಲ್ಲಿ ನೀರು ಬಂತು.

ಮೂಲೆಗೊಂದು ಕ್ಲಾಥ್ರಿನ್ ಕೂರುತ್ತದೆ, ಅದರ ಕಾಲುಗಳು ಅಂಚುಗಳ ಗುಂಟ ಚಾಚಿಕೊಳ್ಳುತ್ತವೆ. ಅಕ್ಕಪಕ್ಕದವುಗಳ ಕಾಲು ಒಂದಕ್ಕೊಂದು ಹೆಣೆದುಕೊಂಡೇ ಬುಟ್ಟಿಗೆ ಗಟ್ಟಿ ಬರುವುದು. ಫುಟ್‌ಬಾಲಿಗೆ 60 ಮೂಲೆ, ಹಾಗಾಗಿ ಆ ಆಕಾರದ ಬುಟ್ಟಿಗೆ 60 ಕ್ಲಾಥ್ರಿನ್.

ಬುಟ್ಟಿಯೊಂದೇ ಇದ್ದರೆ ಸಾಲದು, ಒಳಗೆ ಯಾವ ಸಾಮಾನು ತುಂಬಬೇಕೆಂದು ಗೊತ್ತಾಗಬೇಕು ಅಲ್ವಾ? ನನ್ನ ಮುಂದಿನ ವರ್ಷಗಳೆಲ್ಲ ಹೋದದ್ದು ಆ ಪ್ರಶ್ನೆಯ ಹಿಂದೆ. ಕೋಶದ ಪೊರೆಯಲ್ಲಿ ನಿಂತು ಕೊಲೆಸ್ಟರಾಲ್ ಹೊತ್ತ ಕಣಗಳನ್ನು ಹಿಡಿಯುವ ಎಲ್‌ಡಿಎಲ್ ಗ್ರಾಹಕ ಎಂಬ ಪ್ರೋಟೀನಿನ ಬಗ್ಗೆ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಮಾಡಿದ ಕೆಲಸವನ್ನು ನಾನು ಎಷ್ಟು ಸಲ ಓದಿದ್ದೇನೋ. ಒಬ್ಬ ರೋಗಿಯಲ್ಲಿ ಆ ಗ್ರಾಹಕ ಕಣಗಳನ್ನು ಸರಿಯಾಗಿಯೇ ಹಿಡಿಯುತ್ತಿತ್ತು, ಆದರೆ ತಗ್ಗಿಗೆ ಬಂದು ಸೇರುತ್ತಿರಲಿಲ್ಲ. ಬಾಗಿಲಲ್ಲೇ ನಿಂತುಬಿಡುತ್ತಿತ್ತು. ಹುಡುಕಿದರೆ 839 ಅಮೈನೋ ಆಮ್ಲಗಳಲ್ಲಿ ಒಂದೇ ಒಂದು ಬದಲಾಗಿತ್ತು. 807ನೇ ಜಾಗದಲ್ಲಿ ಟೈರೋಸಿನ್ ಹೋಗಿ ಸಿಸ್ಟೀನ್ ಬಂದಿತ್ತು. ಒಳಗೆ ಬರಬೇಕಾದ ಸಾಮಾನು ಎಂದು ಹೇಳುವ ಗುರುತಿನಲ್ಲಿ ಆ ಟೈರೋಸಿನ್ ಇರಲೇಬೇಕಿತ್ತು. ಇದೇ ಥರದ ಇನ್ನೊಂದು ಟೈರೋಸಿನ್ ಗುರುತನ್ನು ಸಾಮಾನನ್ನು ಕ್ಲಾಥ್ರಿನ್‌ಗೆ ಜೋಡಿಸುವ ಎಪಿ2 ಎಂಬ ಪ್ರೋಟೀನು ಹೇಗೆ ಓದುತ್ತದೆ ಎಂದು 1998ರಲ್ಲಿ ಡೇವಿಡ್ ಓವೆನ್ ಮತ್ತು ಫಿಲಿಪ್ ಇವಾನ್ಸ್ ಪ್ರೋಟೀನನ್ನು ಹರಳು ಕಟ್ಟಿಸಿ, ಎಕ್ಸ್-ರೇ ಹಾಯಿಸಿ, ಆಕಾರ ಬಿಡಿಸಿ ತೋರಿಸಿದರು. ಎರಡು ಪಿನ್ನಿನ ಪ್ಲಗ್ ಸಾಕೆಟ್ಟಿಗೆ ಹೋದ ಹಾಗೆ ಅದು ಗುಳಿಗಳಲ್ಲಿ ಕೂರುತ್ತದೆ. ನನ್ನ ಹರಳುಗಳು ಎರಡು ವರ್ಷ ಸತಾಯಿಸಿದವು. ಸೂಜಿಯ ಹಾಗೆ ಬೆಳೆಯುತ್ತಿದ್ದವು, ಎಕ್ಸ್-ರೇ ಮುಂದೆ ಹಿಡಿದರೆ ಏನೂ ಕಾಣುತ್ತಿರಲಿಲ್ಲ. ಆ ದಿನಗಳಲ್ಲಿ ಓವೆನ್, ಇವಾನ್ಸ್ ಅವರ ಚಿತ್ರ ನನ್ನ ಮೇಜಿನ ಎದುರಿನ ಗೋಡೆ ಮೇಲೆ ಇತ್ತು.

2004ರಲ್ಲಿ ಹಾರ್ವರ್ಡಿನಿಂದ ಕ್ಲಾಥ್ರಿನ್ ಬುಟ್ಟಿಯ ದೊಡ್ಡ ಚಿತ್ರ ಬಂತು. ಸ್ಟೀಫನ್ ಹ್ಯಾರಿಸನ್, ಟೊಮಾಸ್ ಕಿರ್ಚ್‌ಹೌಸೆನ್, ಥಾಮಸ್ ವಾಲ್ಟ್ಸ್ ಅವರ ತಂಡದ್ದು. 36 ಕ್ಲಾಥ್ರಿನ್‌ಗಳ, ಪೀಪಾಯಿಯಂಥ ಬುಟ್ಟಿ. ಆ ವರ್ಷ ಊರಿಗೆ ಹೋದಾಗ ಅದರ ಪ್ರಿಂಟ್ ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ರಿಟೈರ್ ಆಗಿದ್ದರು. ಜಗಲಿ ಮೇಲೆ ಕೂತು ಕನ್ನಡಕ ಏರಿಸಿದರು, ಜೇಬಿನಿಂದ ಬಾಲ್‌ಪೆನ್ ತೆಗೆದು ಎಣಿಸಿದ ಪಂಚಭುಜಕ್ಕೆಲ್ಲ ಚುಕ್ಕೆ ಇಡುತ್ತಾ ಹೋದರು. ಮೇಲಿನ ಷಡ್ಭುಜದ ಸುತ್ತ ಆರು.

"ಆರೇ ಕಾಣ್ತಿದೆಯಲ್ಲಮ್ಮ" ಅಂದರು.

"ಇನ್ನಾರು ಆ ಕಡೆ ಇವೆ ಸರ್."

"ನೋಡಿದ್ದೀಯಾ?"

"ಬುಟ್ಟಿ ಮುಚ್ಚಿಕೊಂಡಿದೆಯಲ್ಲ ಸರ್."

ಮೇಷ್ಟ್ರು ಪೆನ್ನು ಜೇಬಿಗೆ ಹಾಕಿಕೊಂಡು, ಒಳಗೆ ತಿರುಗಿ ಕಾಫಿಗೆ ಹೇಳಿದರು.