ಸೀಸರನ ಕೊಲೆಗೆ ವಾರ್ತೆಯ ದನಿ

ರಂಗನಾಟಕವನ್ನು ಬಾನುಲಿಗೆ ಅಳವಡಿಸುವುದೆಂದರೆ ಮಾತುಗಳನ್ನು ಕತ್ತರಿಸಿ ಒಂದು ಗಂಟೆಗೆ ಹೊಂದಿಸುವ ಕೆಲಸವೆಂದೇ ನಾನು ಬಹುಕಾಲ ತಿಳಿದಿದ್ದೆ. ಮೊನ್ನೆ ರಾತ್ರಿ ದೀಪವಾರಿಸಿ ಅಮೆರಿಕದ ನಟ-ನಿರ್ದೇಶಕ ಆರ್ಸನ್ ವೆಲ್ಸ್ ಪ್ರಸಾರ ಮಾಡಿದ, ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ಕೇಳಿದ ಮೇಲೆ ಆ ತಿಳಿವಳಿಕೆ ಸಡಿಲವಾಯಿತು.

1937ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮರ್ಕ್ಯುರಿ ಥಿಯೇಟರಿನಲ್ಲಿ ವೆಲ್ಸ್ ಈ ನಾಟಕವನ್ನು ಆಡಿಸಿದಾಗ ಅದರ ಬಲದ ಬಹುಪಾಲು ಕಣ್ಣಿಗೆ ಸೇರಿದ್ದಾಗಿತ್ತು. ರೋಮನ್ನರ ನಿಲುವಂಗಿಯ ಬದಲು ಫ್ಯಾಸಿಸ್ಟರ ಸಮವಸ್ತ್ರ, ರಂಗದ ಹಿಂದೆ ಕೆಂಪು ಬಳಿದ ಬರಿಯ ಇಟ್ಟಿಗೆ ಗೋಡೆ, ನ್ಯೂರೆಂಬರ್ಗಿನ ನಾಜಿ ಸಮಾವೇಶಗಳನ್ನು ನೆನಪಿಸುವಂತೆ ನೆಲದಿಂದ ಮೇಲಕ್ಕೆ ಚಿಮ್ಮುವ ಬೆಳಕು. ರೇಡಿಯೊದಲ್ಲಿ ಇದಾವುದಕ್ಕೂ ಜಾಗವಿಲ್ಲ.

1938ರ ಸೆಪ್ಟೆಂಬರ್ 11ರಂದು ಸಿಬಿಎಸ್ ರೇಡಿಯೊ ಜಾಲದ ಮೂಲಕ ಅದೇ ನಾಟಕವನ್ನು ಬಿತ್ತರಿಸುವಾಗ, ಇಪ್ಪತ್ತಮೂರರ ಹರೆಯದ ವೆಲ್ಸ್ ತಾನು ಸೀಸರನ ಕೊಲೆಗಾರರಲ್ಲೊಬ್ಬನಾದ ಬ್ರೂಟಸ್‌ನಾಗಿ ಉಳಿದು, ಕಥನಕ್ಕೆ ಮಾತ್ರ ನಟನನ್ನಲ್ಲದೆ ಎಚ್.ವಿ. ಕಾಲ್ಟೆನ್‌ಬಾರ್ನ್ ಎಂಬ ನಿಜವಾದ ವಾರ್ತಾ ವ್ಯಾಖ್ಯಾನಕಾರನನ್ನು ಕರೆತಂದು, ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕನ ಚರಿತ್ರೆಯಿಂದ ಆಯ್ದ ಭಾಗಗಳನ್ನು ಓದಿಸಿದ. ನಮ್ಮ ಯಕ್ಷಗಾನದ ಭಾಗವತನೂ ಕಥೆಯನ್ನು ಮುಂದೆ ನಡೆಸುತ್ತಾನೆ, ಆದರೆ ಅವನು ಕಥೆಯೊಳಗಿನವನು. ಕಾಲ್ಟೆನ್‌ಬಾರ್ನನಾದರೋ ಹೊರಗಿನ ಜಗತ್ತಿನ ಸುದ್ದಿ ಹೇಳುವವನು. ಅವನ ದನಿ ಕೇಳಿದೊಡನೆ ಎರಡು ಸಾವಿರ ವರ್ಷ ಹಳೆಯ ಕೊಲೆ ಆ ಸಂಜೆಯ ಘಟನೆಯಾಗಿಬಿಡುತ್ತದೆ. ಸಮವಸ್ತ್ರ ಮಾಡಿದ ಕೆಲಸವನ್ನು ಇಲ್ಲಿ ದನಿ ಮಾಡಿತು. ಮರುದಿನವೇ ಹಿಟ್ಲರ್ ನ್ಯೂರೆಂಬರ್ಗಿನಲ್ಲಿ ಜೆಕೊಸ್ಲೊವಾಕಿಯಾದ ವಿರುದ್ಧ ಗುಡುಗಿದ. ಆ ದೇಶದ ಒಂದು ಭಾಗವನ್ನು ಹಿಟ್ಲರನಿಗೆ ಬಿಟ್ಟುಕೊಟ್ಟ ಮ್ಯೂನಿಕ್ ಒಪ್ಪಂದದವರೆಗಿನ ಆ ದಿನಗಳಲ್ಲಿ ಇದೇ ಕಾಲ್ಟೆನ್‌ಬಾರ್ನ್ ಸ್ಟುಡಿಯೊದಲ್ಲೇ ಮಲಗೆದ್ದು ಹಗಲಿರುಳು ಯುರೋಪಿನ ಬಿಕ್ಕಟ್ಟನ್ನು ವಿವರಿಸಿದ. ವೆಲ್ಸ್ ಇದನ್ನು ಊಹಿಸಿದ್ದಿರಲಾರ.

ತಕರಾರೂ ಇದೆ. ಬ್ರೂಟಸ್‌ನ ಒಳತೋಟಿ ಬಿಗಿಯಾಗುವಲ್ಲಿ ನಡುವೆ ಬರುವ ಈ ನಿರೂಪಣೆ ರಸಭಂಗ ಮಾಡುತ್ತದೆ. ಆದರೆ ಜಾರ್ಜ್ ಕೂಲೂರಿಸ್ ಸೀಸರನ ಗೆಳೆಯ ಆಂಟನಿಯಾಗಿ ಶವದೆದುರು ಮಾತಿಗೆ ನಿಂತಾಗ ನಿರೂಪಕನ ಹಂಗೇ ಇರುವುದಿಲ್ಲ. ಶವ ನಮಗೆ ಕಾಣದು. ಗುಂಪಿನ ಗೊಣಗಾಟ ಕೂಗಾಗುವುದಷ್ಟೇ ಕೇಳುತ್ತದೆ, ಕತ್ತಲಲ್ಲಿ ಕುಳಿತ ನಾವೂ ಆ ಗುಂಪಿನೊಳಗೇ ಇರುತ್ತೇವೆ.

ಇದಾದ ಏಳು ವಾರಗಳಿಗೆ, ಅಕ್ಟೋಬರ್ 30ರಂದು, ಅದೇ ತಂಡ ಮಂಗಳಗ್ರಹದವರ ದಾಳಿಯ ಕಥೆಯನ್ನು ವಾರ್ತೆಯ ಧಾಟಿಯಲ್ಲಿ ಪ್ರಸಾರ ಮಾಡಿತು. ಈ ಬಾರಿ ವರದಿಗಾರರೆಲ್ಲ ನಟರೇ ಆಗಿದ್ದರು, ಆದರೂ ಕೆಲವರು ನಂಬಿ ಹೆದರಿದರು.